ಒಂದಿಷ್ಟು ವೇಳೆ

ಕನ್ನಡದ ಒಂದು ಅಕ್ಷರ ಸತ್ತು ಎಷ್ಟೋ ನೂರು ವರ್ಷಗಳಾದವು. ಹಳೆಯ ಶಾಸನಗಳಲ್ಲಿ, ಓಲೆಗರಿಗಳಲ್ಲಿ ಅದರ ಮೈ ಉಳಿದಿದೆ, ಉಸಿರು ಉಳಿದಿಲ್ಲ. ‘ೞ’ ಎಂದು ಬರೆಯುತ್ತಾರೆ. ಓದುವಾಗ ಒಬ್ಬೊಬ್ಬರು ಒಂದೊಂದು ಥರ ಅನ್ನುತ್ತಾರೆ. ಚಂದ್ರಮತಿಯ ಅಪ್ಪ ಬಸದಿಯ ಅಂಗಳದಲ್ಲಿ ಚಾತುರ್ಮಾಸದ ನಾಲ್ಕು ತಿಂಗಳೂ ಹಳಗನ್ನಡ ಕಾವ್ಯವನ್ನು ರಾಗ ಹಿಡಿದು ವಾಚಿಸುತ್ತಿದ್ದವರು. ಆ ಅಕ್ಷರ ಬಂದಾಗ ಅರೆ ಉಸಿರು ನಿಂತು, ನಾಲಗೆಯನ್ನು ಹಿಂದಕ್ಕೆ ಮಡಿಸಿ, ಏನೋ ಒಂದು ದನಿ ಹೊರಡಿಸಿ, ಕಂಬಕ್ಕೆ ಒರಗಿ ಕೂತ ಮಗಳ ಕಡೆ ನೋಡಿ ನಗುತ್ತಿದ್ದರು. “ಹಿಂಗಿತ್ತೋ ಏನೋ. ಕೇಳಿದವ್ರು ಯಾರೂ ಉಳಿದಿಲ್ಲ ಮಗಳ.”

ಆ ದನಿಯನ್ನು ಚಂದ್ರಮತಿ ಕೇಳಿದ್ದು ಹೊನ್ನಗುಡ್ಡದ ಹಳೆಯ ಚಿನ್ನದ ಗಣಿಯಲ್ಲಿ, ಭೂಮಿಯ ಕೆಳಗೆ, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ.

“ಕೞ್ತಲೆ...” ಅಂದಿತು ಒಂದು ಹರೆಯದ ಗಂಡು ದನಿ. ಒಣಗಿದ ಗಂಟಲು. “ಕೞ್ತಲೆ... ಆರುಮಿಲ್ಲ...”

ಚಂದ್ರಮತಿಯ ಎರಡೂ ಕೈ ತಾವಾಗಿಯೇ ಕೂಡಿಕೊಂಡವು.

“ಏನಂತಾನ್ರಿ, ಅಕ್ಕೋರ?” ಎಂದಳು ಪಕ್ಕದಲ್ಲಿ ನಿಂತ ಶಮೀಮ್ ನದಾಫ್. ಬಂಡೆಗಳ ಒಳಗಿನ ಒತ್ತಡವನ್ನು ಅಳೆಯುವ ವಿಜ್ಞಾನಿ ಆಕೆ. ಮುಚ್ಚಿಹೋದ ಗಣಿಯಲ್ಲಿ ನಾಲ್ಕು ಜನರನ್ನೂ ಒಂದಿಷ್ಟು ಯಂತ್ರಗಳನ್ನೂ ಇಟ್ಟುಕೊಂಡು ಕೂತವಳು. ಹೈಸ್ಕೂಲಿನಲ್ಲಿ ಚಂದ್ರಮತಿಯ ಹತ್ತಿರ ಕನ್ನಡ ಕಲಿತಿದ್ದಳು, ಹಾಗಾಗಿ ಎಷ್ಟು ದೊಡ್ಡವಳಾದರೂ ಅಕ್ಕೋರು ಅಕ್ಕೋರೇ.

“ಕತ್ತಲಿ ಅಂತಾನವ್ವ. ಯಾರೂ ಇಲ್ಲ ಅಂತಾನ.”

ಶಮೀಮ್ ಮುಖ ಮುಚ್ಚಿಕೊಂಡು ಅಲ್ಲೇ ಕುರ್ಚಿಯಲ್ಲಿ ಕುಸಿದಳು. ತಿಂಗಳುಗಟ್ಟಲೆ ಅವಳು ಅದನ್ನು ಬಂಡೆ ಬಿರಿಯುವ ಸದ್ದು ಎಂದುಕೊಂಡಿದ್ದಳು.

*

“ಹಂಗಂದ್ರ ಏನು? ದೆವ್ವಾನಾ?” ಎಂದು ಕೇಳಿದ ಭರಮಪ್ಪ, ಚಂದ್ರಮತಿಯ ಗಂಡ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮನೆಯಲ್ಲಿ ಈಗಲೂ ಕುಕ್ಕರು ಸಾಕಷ್ಟು ಕೂಗಿದರೆ “ಹೋಲ್ಡಾನ್!” ಎನ್ನುವ ಮನುಷ್ಯ.

ಶಮೀಮ್ ತನಗೆ ತಿಳಿಸಿದ್ದನ್ನು ಚಂದ್ರಮತಿ ಗ್ಯಾಸ್ ಲೈಟರ್ ಹಿಡಿದೇ ತಿಳಿಸಿದಳು. ಲೈಟರಿನ ಒಳಗೆ ಬೆಣಚುಕಲ್ಲಿನ ಜಾತಿಯದೊಂದು ಚೂರು ಇರುತ್ತದೆ. ಟಕ್ ಅಂತ ಒತ್ತಿದರೆ ಕಿಡಿ. ಒತ್ತಿದರೆ ವಿದ್ಯುತ್ತು, ವಿದ್ಯುತ್ತು ಹರಿಸಿದರೆ ನಡುಕ. ಹೊನ್ನಗುಡ್ಡದ ಹೊಟ್ಟೆಯಲ್ಲಿ ಅಂಥದೇ ಬೆಣಚುಕಲ್ಲಿನ ಒಂದು ಎಳೆ ಹಾಯ್ದುಹೋಗಿದೆ, ಅದರ ಬೆನ್ನು ಹಿಡಿದೇ ಹಿಂದಿನವರು ಚಿನ್ನ ಅಗೆದದ್ದು. ಚಂದ್ರ ಕಡಲನ್ನಷ್ಟೇ ಎಳೆಯುವುದಿಲ್ಲ, ನೆಲವನ್ನೂ ಎಳೆಯುತ್ತಾನೆ. ನಾವು ನಿಂತ ನೆಲ ದಿನವೂ ಗೇಣಷ್ಟು ಏರಿ ಇಳಿಯುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೇ. ಹಾಗೆ ಏರಿದಾಗ ಆ ಎಳೆಯ ಮೇಲೆ ಬೀಳುವ ಒತ್ತಡ, ಹಿಂದೆ ಯಾವತ್ತೋ ಒಂದು ದಿನ ಬಿದ್ದ ಒತ್ತಡಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಬಂದರೆ, ಆ ಎರಡು ದಿನಗಳ ಮಟ್ಟಿಗೆ ಕಲ್ಲು ಒಂದೇ ಆಗುತ್ತದೆ. ಅಲ್ಲಿ ಆಡಿದ್ದು ಇಲ್ಲಿ ಕೇಳುತ್ತದೆ. ಇಲ್ಲಿ ಆಡಿದ್ದು ಅಲ್ಲಿ.

“ಯಾಕ ಅಂತ ಅವ್ರಿಗೂ ಗೊತ್ತಿಲ್ಲಂತ,” ಎಂದಳು ಚಂದ್ರಮತಿ. “ದಿನಕ್ಕೊಮ್ಮಿ, ಅನ್ನ ಬೇಯೋವಷ್ಟು ಹೊತ್ತು. ಎರಡು ಸಲದ ನಡುವಿನ ನಮ್ಮ ಒಂದು ದಿನ ಅವಂಗ ನಾಕು ಉಸಿರಿನಂಗ.”

“ಅಂವಾ ಯಾರು?”

“ಮಾತು ಕೇಳಿದ್ರ ಸಾವಿರ ವರ್ಷದ ಹಿಂದಿನಾವ. ಸುರಂಗದ ಬಾಯಿ ಕುಸಿದು ಒಳಗ ಸಿಕ್ಕೊಂಡಂಗ ಕಾಣ್ತದ.”

ಭರಮಪ್ಪ ಚಹಾದ ಲೋಟ ಕೆಳಗಿಟ್ಟ. “ಹಂಗಾದ್ರ ಸತ್ತು ಸಾವಿರ ವರ್ಷ ಆತಲ್ಲ.”

“ಸತ್ತಿದ್ದು ಖರೆ. ಅಲ್ಲೇ ಸತ್ತನೋ, ಹೊರಗ ಬಂದು ಸತ್ತನೋ, ಅದು ಗೊತ್ತಿಲ್ಲ.”

ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಅವಳು “ಹೋಗಿ ಬರ್ತೀನ್ರಿ” ಎಂದಾಗ ಭರಮಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. “ಹೋಗು, ಹೋಗು. ಸತ್ತಾವ್ನ ಕೂಡ ಮಾತಾಡು. ಬದುಕಿದಾವ ಒಬ್ಬನ ಇಲ್ಲಿ ಗ್ವಾಡಿ ನೋಡಿಕೊಂತ ಕುಂದರ್ತೀನಿ.”

ಚಂದ್ರಮತಿ ಹೊಸ್ತಿಲ ಹೊರಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಕೂತುಬಿಟ್ಟಳು.

“ಏನಾತು?”

“ಹೋಗು ಅಂದ್ರಿ.”

“ಅಯ್ಯ, ಬಾಯಿಗೆ ಬಂತು ಅಂದೆ. ಹೋಗಿ ಬಾ ಮಹಾರಾಯ್ತಿ, ಹೋಗಿ ಬಾ!”

ಆಗ ಎದ್ದಳು. ಅವಳು ಹುಟ್ಟಿದಾಗಿನಿಂದ ಹೊಸ್ತಿಲು ದಾಟುವ ಯಾರಿಗೂ ಬರಿದೆ ‘ಹೋಗು’ ಅಂದವಳಲ್ಲ. ನೆರೆಮನೆಯ ಬೆಕ್ಕಿಗೂ ಅಂದಿರಲಿಲ್ಲ.

*

ಪಂಜರದಂಥ ಲಿಫ್ಟು ಕೆಳಗಿಳಿಯುವಷ್ಟೂ ಹೊತ್ತು ಪಂಚನಮಸ್ಕಾರ ಹೇಳಿಕೊಳ್ಳುತ್ತಿದ್ದಳು. ಕೆಳಗೆ ಬಂಡೆಗೆ ಅಂಟಿಸಿದ ಬಿಲ್ಲೆಯಂಥ ಯಂತ್ರವೊಂದಿತ್ತು. ಅದರ ಮುಂದಿನ ಮೈಕಿನಲ್ಲಿ ಆಡಿದ್ದೆಲ್ಲ ಕಲ್ಲಿನ ನಡುಕವಾಗಿ ಒಳಗೆ ಹೋಗುತ್ತಿತ್ತು. ಗಣಿಯ ಸರ್ವೇಯರ್ ಗುರುಪಾದ ಹಳೆಯ ಸುರಂಗಗಳ ನಕ್ಷೆಗಳನ್ನು ಹುಡುಕಲು ಓಡಾಡುತ್ತಿದ್ದ. ಮೊದಲು ಕಂಪ್ಯೂಟರಿಗೆ ಶಾಸನಗಳನ್ನೂ ಕಾವ್ಯಗಳನ್ನೂ ಉಣಿಸಿ ತರ್ಜುಮೆ ಮಾಡಿಸಲು ನೋಡಿದ್ದರಂತೆ. ಆ ಸತ್ತ ಅಕ್ಷರ ಬಂದಲ್ಲೆಲ್ಲ ಅದು ‘ಗದ್ದಲ’ ಎಂದು ತೋರಿಸಿ ಸುಮ್ಮನಾಗಿತ್ತು.

ಚಂದ್ರಮತಿ ಮೈಕಿಗೆ ಬಾಗಿ ಮೊದಲ ಮಾತು ಆಡಿದಳು. ನೀನಾರ್, ಎಂದು ಕೇಳಿದಳು.

 ಆಮೇಲೆ, ತೀರ ಹತ್ತಿರದಿಂದ, ಅವನು ಕಲ್ಲಿಗೆ ಬಾಯಿ ಹಚ್ಚಿ ಆಡುತ್ತಿದ್ದಾನೆ ಅನ್ನುವಷ್ಟು ಹತ್ತಿರದಿಂದ, ಅವನ ಮಾತು ಬಂತು. ಹೆಸರು ಮಾಚ. ಗಣಿಯ ಕಾವಲಿನವನು. ಆಳ್ದ, ಅಂದರೆ ಒಡೆಯ, ಬೀಳುವ ಕಲ್ಲಿನ ಸದ್ದು ಕೇಳಿ ಓಡಿದ. “ಎನ್ನಾಳ್ದನೆನ್ನನುೞಿದು ಪೋದಂ.” ನನ್ನನ್ನು ಬಿಟ್ಟುಹೋದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯ ಗದ್ದಲದಲ್ಲಿ ಕೈ ತಪ್ಪಿದ ಕೂಸು ಹೇಳುವ ಹಾಗಿತ್ತು.

ಅವನು ಅವಳನ್ನು ‘ಅಬ್ಬೆ’ ಎಂದು ಕರೆದ. ಅಬ್ಬೆ ಎಂದರೆ ತಾಯಿ. ನೀನು ಯಾರು ಎಂದು ತಿರುಗಿ ಕೇಳಿದ.

ಇದಕ್ಕೆ ಏನು ಹೇಳುವುದು? ನಿನ್ನ ಬಳಿಕ ಹುಟ್ಟಿದವಳು ಎಂದಳು. ಬಳಿಕ ಹುಟ್ಟುವವರು ಇನ್ನೂ ಹುಟ್ಟಿಲ್ಲವಲ್ಲ ಅಬ್ಬೆ, ನೆಲದ ಕೆಳಗಿನಿಂದ ಮಾತಾಡುವವರು ಸತ್ತವರು ಅಲ್ಲವೆ, ನೀನು ಸತ್ತವಳೆ, ಎಂದ. ಶಮೀಮ್ ಪಕ್ಕದಿಂದ “ಏನಂತಾನ? ಏನಂತಾನ?” ಎನ್ನುತ್ತಿದ್ದಳು. ಸತ್ತವನು ನೀನು ಎಂದು ಯಾವ ಬಾಯಿಂದ ಹೇಳುವುದು? ಚಂದ್ರಮತಿ, “ನಾನು ನಿನಗೆ ಒಳ್ಳೆಯದನ್ನು ಬಗೆವವಳು” ಎಂದಷ್ಟೇ ಹೇಳಿದಳು. ಅವನಿಗೆ ಅಷ್ಟು ಸಾಕಾದ ಹಾಗಿತ್ತು.

ಅದೇ ಹೊತ್ತಿಗೆ ಗುರುಪಾದ ಓಡಿಬಂದ. “ಅಕ್ಕೋರ! ಅಂವಾ ಇರೋ ಕಡಿಂದ ಪಡುವಣಕ್ಕ ಒಂದು ಸಣ್ಣ ಕಿಂಡಿ ಹೋಗೇತ್ರಿ, ಹಳ್ಳದ ದಂಡಿಗೆ ಬಾಯಿ ಬಿಡ್ತದ! ತೆವಳಿಕೊಂಡು ಹೋಗಬಹುದು! ಪಕ್ಕಾ ಮಾಡ್ಕೊಂಡು ನಾಳಿಗೆ ದಾರಿ ಹೇಳ್ತೀನಿ, ಒಂದೀಟು ಟೈಂ ಕೇಳ್ರಿ ಅವನ್ನ!”

ಯಂತ್ರದ ಪರದೆಯ ಮೇಲೆ ಕಲ್ಲಿನ ಒತ್ತಡ ತೋರಿಸುವ ಗೆರೆ ಇಳಿಯುತ್ತಿತ್ತು. ನೆಲ ತಗ್ಗುತ್ತಿತ್ತು. ಚಂದ್ರಮತಿ ಅವಸರದಲ್ಲಿ, ಸಂತೋಷದಲ್ಲಿ, ಎಮಗೆ ಕಿಱಿದು ವೇಳೆಯಂ ಕುಡು, ಎಂದಳು. ನಮಗೆ ಒಂದಿಷ್ಟು ವೇಳೆ ಕೊಡು.

 ಆಚೆ ಕಡೆ ಅವನು ನಕ್ಕ. ಒಣ ಗಂಟಲಿನಲ್ಲಿ ನಕ್ಕರೆ ಕೆಮ್ಮಿನ ಹಾಗೆಯೇ.

“ವೇಳೆಯೊಳ್ ಕಿಱಿದು ಪಿರಿದು ಉಂಟೇ, ಅಬ್ಬೆ?” ವೇಳೆಯಲ್ಲಿ ಚಿಕ್ಕದು ದೊಡ್ಡದು ಅಂತ ಇದೆಯೆ? “ಕೊಟ್ಟೆಂ.”

ಗೆರೆ ನೆಲಕ್ಕೆ ಬಿತ್ತು. ಚಂದ್ರಮತಿ ಅರ್ಥ ಹೇಳಿದಾಗ ಎಲ್ಲರೂ ತಲೆದೂಗಿದರು. “ಏನ್ ಮಾತಾಡಿದ್ನಲೇ!” ಎಂದ ಗುರುಪಾದ. “ಕತ್ತಲಾಗ ಕುಂತಾವಂಗ ಟೈಮಿನಾಗ ಸಣ್ಣದೇನು ದೊಡ್ಡದೇನು!” ಶಮೀಮ್ ಆ ಸಾಲನ್ನು ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.

*

ಮರುದಿನ ದಾರಿ ಸಿದ್ಧವಾಗಿತ್ತು. ಗುರುಪಾದ ಮೀಟರುಗಳನ್ನು ಮಾರುಗಳಿಗೆ ಇಳಿಸಿದ್ದ, ಏಕೆಂದರೆ ಚಾಚಿದ ಎರಡು ತೋಳಿನ ಉದ್ದ ಅಂದಿಗೂ ಇಂದಿಗೂ ಅಷ್ಟೇ. ಚಂದ್ರಮತಿ ಒಂದೊಂದಾಗಿ ಹೇಳಿದಳು. ಎಡಗೈಯನ್ನು ಕಲ್ಲಿನಿಂದ ಎತ್ತಬೇಡ. ಕಾಲಿಗೆ ತೇವ ತಾಗಿದಲ್ಲಿ ಬಗ್ಗು. ಎದೆಯ ಮೇಲೆ ತೆವಳು. ಮುಖಕ್ಕೆ ಗಾಳಿ ಬಡಿಯುತ್ತದೆ, ಹೆದರಬೇಡ, ಅದೇ ಬಾಗಿಲು.

ಅವನು ಎಲ್ಲವನ್ನೂ ತಪ್ಪಿಲ್ಲದೆ ತಿರುಗಿ ಒಪ್ಪಿಸಿದ. ಆಮೇಲೆ ಕೇಳಿದ, ಅಬ್ಬೆ ನೀನು ಯಾವ ದಾರಿಯಿಂದ ಬರುತ್ತೀಯೆ?

ನಾನು ಬರುವುದಿಲ್ಲ, ನೀನು ಹೋಗು... ಎನ್ನಲು ಹೋಗಿ, “ನಾನು ಇಲ್ಲಿಯೇ” ಎಂದಳು.

“ಪೋಗೆಂ,” ಎಂದ ಮಾಚ. ಹೋಗುವುದಿಲ್ಲ. “ವೇಳೆಯಂ ಕೊಟ್ಟೆಂ. ನೀನಿರ್ದಲ್ಲಿ ಆನಿರ್ಪೆಂ.”

 ಚಂದ್ರಮತಿಗೆ ಅಪ್ಪ ಹೇಳಿಕೊಟ್ಟದ್ದು ನೆನಪಾಯಿತು. ವೇಳೆ ಎಂದರೆ ಹೊತ್ತು ಹೌದು, ಕಾವ್ಯದಲ್ಲಿ ಹಾಗೂ ಬರುತ್ತದೆ. ಆದರೆ ಒಡೆಯನ ಅನ್ನ ಉಣ್ಣುವ ಆಳಿನ ಬಾಯಲ್ಲಿ ವೇಳೆ ಎಂದರೆ ಬೇರೆ. ಅದು ಆಣೆ. ನೀನಿರುವವರೆಗೆ ನಾನು, ನೀನಿದ್ದಲ್ಲಿ ನಾನು, ನೀನು ಸತ್ತ ದಿನವೇ ನಾನೂ ಎಂದು ಒಡೆಯನಿಗೆ ಕೊಟ್ಟ ಮಾತು. ಹಾಗೆ ಮಾತು ಕೊಟ್ಟು ಒಡೆಯನ ಚಿತೆಗೆ ತಲೆ ಕೊಟ್ಟವರ ವೀರಗಲ್ಲುಗಳ ಮೇಲೆ ಅವಳೇ ಮಕ್ಕಳಿಗೆ ಪಾಠ ಮಾಡಿದ್ದಳು.

ಒಡೆಯ ಬಿಟ್ಟುಹೋದ ಮನುಷ್ಯ. ಕತ್ತಲೆ. ಕಲ್ಲಿನೊಳಗಿಂದ ತಾಯಿಯ ದನಿ ಬಂದು, ನಿನ್ನ ವೇಳೆಯನ್ನು ನನಗೆ ಕೊಡು ಎಂದಿತ್ತು. ಅವನು ನಕ್ಕದ್ದು ಯಾಕೆಂದು ಈಗ ತಿಳಿಯಿತು. ನಿರಾಳವಾಗಿ ನಕ್ಕಿದ್ದ.

“ನಾನು ಕೇಳಿದ್ದು ಆ ವೇಳೆ ಅಲ್ಲ,” ಎಂದು ಅವನ ಮಾತಿನಲ್ಲಿ ತೊದಲಿದಳು. “ಕಾಲ. ಕಾಲವನ್ನು ಕೇಳಿದೆ.”

ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ಕಾಲ ಎಂದರೆ ಯಮನೂ ಹೌದು.

ಅರಿತೆನಬ್ಬೆ, ಎಂದ ಮಾಚ ಮೆಲ್ಲಗೆ. ವೇಳೆಯ ತುದಿಯಲ್ಲಿ ನಿಂತಿರುವವನು ಕಾಲನೇ ಅಲ್ಲವೆ.

*

“ಡ್ರಿಲ್ ಹಾಕಿ ನೋಡೋಣ್ರಿ,” ಎಂದ ಗುರುಪಾದ ಮೇಲೆ ಬಂದ ಮೇಲೆ. “ಹಳ್ಳದ ಕಡಿ ಬಾಯಿ ಈಗ ಮುಚ್ಚೇತಿ, ಆದ್ರ ಇಲ್ಲಿಂದ ನಲವತ್ತು ಮೀಟರ್ ಇಲ್ಲ. ಎಲುಬು ಇದ್ರ ಇರ್ತಾವ, ಇಲ್ಲಾಂದ್ರ ಪಾರಾದ ಅಂತ ಲೆಕ್ಕ.”

“ಬ್ಯಾಡೋ ಯಪ್ಪಾ,” ಎಂದಳು ಚಂದ್ರಮತಿ. “ನೋಡೋ ತನಕ ಹಾದಿ ಐತಿ. ನೋಡಿದ ಮ್ಯಾಲ ಏನು ಉಳೀತದ?”

 ಶಮೀಮಳ ವಿಜ್ಞಾನದಲ್ಲಿ ಇದಕ್ಕೆ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. “ಎಳಿ ಸಡ್ಲ ಆಗಾಕ ಹತ್ತೇತ್ರಿ ಅಕ್ಕೋರ,” ಎಂದಳು ಕೊನೆಗೆ. “ನಾಳಿ ಒಂದಿನ ಸಿಗಬಹುದು. ಆಮ್ಯಾಲ ನಂಗ ಭರೋಸಾ ಇಲ್ಲ.”

ಮನೆ ಮುಟ್ಟುವಾಗ ಪಡುವಣ ಕೆಂಪಾಗಿ ಆರಿಹೋಗಿತ್ತು. ಭರಮಪ್ಪ ತಾಟು ತೊಳೆದು ಬೋರಲು ಹಾಕಿ ಬಾಗಿಲಲ್ಲೇ ನಿಂತಿದ್ದ. ಸೂರ್ಯ ಮುಳುಗಿದ ಮೇಲೆ ಚಂದ್ರಮತಿ ಉಣ್ಣುವವಳಲ್ಲ.

“ಹೊತ್ತಿದ್ದಾಗ ಬಾ ಅಂತ ಎಷ್ಟು ಸಲ ಹೇಳ್ಬೇಕು ನಿನಗ? ಹೊತ್ತು ಮುಳುಗಿ ಎಷ್ಟೊತ್ತಾತು! ಈಗ ಉಪವಾಸ ಮಕ್ಕೋ.”

ಚಂದ್ರಮತಿ ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಳು. “ಏನಂದ್ರಿ?”

“ಹೊತ್ತು ಅಂದೆ. ಹೊತ್ತು! ಕಿವಿ ಕೇಳಂಗಿಲ್ಲೇನು?”

ಪೊೞ್ತು. ಅದೇ ಹೊತ್ತು. ಸಾವಿರ ವರ್ಷ ಬಾಯಿಂದ ಬಾಯಿಗೆ ಸವೆದು ಬಂದರೂ ಅರ್ಥ ಕೆಡದ ಮಾತು, ಅಡುಗೆಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬಿದ್ದು ಎದ್ದು ಓಡಾಡುವ ಮಾತು. ಅದರ ನಡುವೆ ಇದ್ದದ್ದು ಅದೇ ಸತ್ತ ಅಕ್ಷರ, ಅಪ್ಪ ಹುಡುಕಿ ಹುಡುಕಿ ಸಿಗದೆ ನಕ್ಕಿದ್ದ ಅಕ್ಷರ. ಪೊೞ್ತು ಕೊಡು ಎಂದಿದ್ದರೆ ಮುಗಿದಿತ್ತು. ಕಾವ್ಯ ಓದಿದ ನಾಲಗೆ ವೇಳೆ ಎಂದಿತು.

ಅತ್ತಳು. ಎಲ್ಲ ಹೇಳಿದಳು. ಭರಮಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ.

“ನನ್ನ ಸರ್ವೀಸಿನಾಗ ಎರಡ ಮಾತು ಇದ್ದವು ನೋಡು,” ಎಂದ. “ರೈಟ್, ಹೋಲ್ಡಾನ್. ಒಂದು ದಿನ ಒಬ್ಬ ಡ್ರೈವರ್ ತಪ್ಪು ತಿಳ್ಕೊಳ್ಳಿಲ್ಲ. ನೀವು ಶಾಣ್ಯಾರು ಮಾತು ಭಾಳ ಮಾಡಿಟ್ರಿ.” ಅವಳ ಕಡೆ ತಿರುಗಿ, “ಅಲ್ಲ, ಈಗ ಅವಂಗ ನೀನ ಧಣಿ ಹೌದಿಲ್ಲೋ?”

“ಹೌದು. ಅದ ಸಂಕಟ.”

“ಅದ್ರಾಗೇನು ಸಂಕಟ? ಧಣಿ ಅಂದ ಮ್ಯಾಲ ಹುಕುಂ ಮಾಡು. ಹಿಂಗ ಹೋಗಬೇಕು ಅಂದ್ರ ಹೋಗಬೇಕು. ನಿನ್ನ ಹುಕುಂ ಮೀರಿದ್ರ ಅವನ ವೇಳೆ ಎಲ್ಲಿ ಉಳೀತು? ಬೆಲ್ ಹೊಡಿ, ರೈಟ್ ಅನ್ನು.”

ಚಂದ್ರಮತಿ ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ನೋಡಿದ ಹಾಗೆ ನೋಡಿದಳು.

*

ಕೊನೆಯ ದಿನ ಅವನ ದನಿ ತೆಳ್ಳಗಾಗಿತ್ತು. ಅವನ ಗಂಟಲು ಬತ್ತಿತ್ತೋ, ಕಲ್ಲು ಸಡಿಲಾಗಿತ್ತೋ, ಹೇಳುವ ಹಾಗಿರಲಿಲ್ಲ.

ಮೊದಲು ಅವಳು ನಿಜ ಹೇಳಿದಳು. ಹೇಳದೆ ಇರಲಾಗಲಿಲ್ಲ. ನಾನು ಕೇಳಿದ್ದು ಪೊೞ್ತು, ಮಾಚಾ, ವೇಳೆಯನ್ನಲ್ಲ. ನನ್ನ ನಾಲಗೆ ತಪ್ಪಿತು.

ಆ ಅಕ್ಷರ ತನ್ನ ಬಾಯಲ್ಲಿ ಸರಿಯಾಗಿ ಹೊರಟದ್ದು ಅವಳಿಗೇ ಕೇಳಿಸಿತು. ಅದಕ್ಕಾಗಿ ಸಂತೋಷಪಡಲು ಆಗಲಿಲ್ಲ, ಏಕೆಂದರೆ ಆಚೆ ಕಡೆ ಅವನು ಅಳುತ್ತಿದ್ದ. ಕೊಟ್ಟ ವೇಳೆಯನ್ನು ತಿರುಗಿಸುವವರು ಉಂಟೆ ಅಬ್ಬೆ, ಎಂದ. ಅವನೊಬ್ಬ ಬಿಟ್ಟು ಹೋದ, ನೀನೂ ಒಲ್ಲೆಯಾ? ನಾನು ಅಷ್ಟು ಕೀಳೆ?

“ತಿರುಗಿಸ್ಬ್ಯಾಡ್ರಿ, ತಿರುಗಿಸ್ಬ್ಯಾಡ್ರಿ,” ಎಂದಳು ಶಮೀಮ್, ಮಾತು ತಿಳಿಯದಿದ್ದರೂ ಅಳು ತಿಳಿದು. “ಗೆರಿ ಇಳಿಯಾಕ ಹತ್ತೇತಿ. ನಿಮ್ಮ ಮನಿಯವ್ರು ಹೇಳಿದಂಗ ಹುಕುಂ ಮಾಡ್ರಿ ಅಕ್ಕೋರ.”

ಚಂದ್ರಮತಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಬಸದಿಯ ಅಂಗಳದಲ್ಲಿ ಅಪ್ಪ ಅರಸರ ಮಾತು ಬಂದಾಗ ಹೇಗೆ ದನಿ ಏರಿಸುತ್ತಿದ್ದರೋ ಹಾಗೆ ಏರಿಸಿದಳು. ಸರಿ, ಮಾಚಾ. ನಿನ್ನ ವೇಳೆ ನನ್ನದು. ಹಾಗಾದರೆ ಇದು ನನ್ನ ಆಣತಿ. ನಾನು ಹೇಳಿದ ದಾರಿಯಲ್ಲಿ ಹೊರಗೆ ಹೊರಡು. ಬೆಳಕನ್ನು ಕಾಣು. ಮೀರಬೇಡ.

ಅಳು ನಿಂತಿತು. ಎದ್ದು ನಿಂತ ಸದ್ದು, ಕಲ್ಲಿನ ಮೇಲೆ ಅಂಗೈ ಎಳೆದ ಸದ್ದು. ಎಡಗೈ.

“ನಿನ್ನಾಣೆ, ಅಬ್ಬೆ. ಪೋಪೆನೇ?” ಹೊರಡಲೆ?

ಗೆರೆ ನೆಲಕ್ಕೆ ಬೀಳುವ ಮುಂಚೆ ಉಳಿದಿದ್ದ ಅಷ್ಟು ಸಂದಿನಲ್ಲಿ ಚಂದ್ರಮತಿಯ ಬಾಯಿಂದ, ಎದೆಯಿಂದ, ಹುಟ್ಟಿದೂರಿನ ಹೊಸ್ತಿಲಿನಿಂದ ಮಾತು ಬಂತು:

“ಪೋಗಿ ಬಾ, ಮಗನೇ.”

ಯಂತ್ರ ಸುಮ್ಮನಾಯಿತು. ಗುರುಪಾದ ಟೊಪ್ಪಿಗೆ ತೆಗೆದು ಮೇಲಕ್ಕೆ ಎಸೆದ, ಅದು ಬಂಡೆಗೆ ಬಡಿದು ಅವನ ತಲೆಯ ಮೇಲೆಯೇ ಬಿತ್ತು. ಶಮೀಮ್ ಅವಳನ್ನು ತಬ್ಬಿಕೊಂಡು ಹುಡುಗಿಯ ಹಾಗೆ ಕುಣಿದಳು.

ಲಿಫ್ಟು ಅರ್ಧ ಮೇಲೇರಿತ್ತು. “ಕಡೀಕ ಹೋಗಿ ಬಾ ಮಗನ ಅಂದ್ರಿ ನೋಡ್ರಿ ಅಕ್ಕೋರ,” ಎಂದಳು ಶಮೀಮ್, ಇನ್ನೂ ನಗುತ್ತ, “ನಾ ಹಾಸ್ಟೆಲಿಗೆ ಹೊಂಟಾಗ ನಮ್ಮವ್ವ ಹಿಂಗ ಅಂತಿದ್ಲು. ನನಗ ಕಣ್ಣಾಗ ನೀರು ಬಂತು.”

ಚಂದ್ರಮತಿ ಪಂಜರದ ಸರಳು ಹಿಡಿದುಕೊಂಡಳು. ಬಾಯಿಪಾಠವಿದ್ದ ಪದ್ಯಗಳನ್ನೆಲ್ಲ ಒಂದೊಂದಾಗಿ ಮನಸ್ಸಿನಲ್ಲಿ ತಿರುವಿದಳು. ಹೊರಟವರಿಗೆ ಅವರೆಲ್ಲ ಏನು ಹೇಳುತ್ತಿದ್ದರು? ಬೀೞ್ಕೊಟ್ಟರು, ಬೀೞ್ಕೊಂಡರು. ಪೋಗು ಎಂದರು. ‘ಪೋಗಿ ಬಾ’ ಎಂದು ಯಾರಾದರೂ, ಎಲ್ಲಿಯಾದರೂ, ಬರೀ ಬಾಯುಪಚಾರಕ್ಕೆ ಅಂದದ್ದು ಉಂಟೆ? ಲಿಫ್ಟು ಬೆಳಕಿಗೆ ಬಂದು ನಿಂತಿತು. ಅವಳಿಗೆ ಅಂಥ ಒಂದೂ ಪದ್ಯ ನೆನಪಾಗಲಿಲ್ಲ.

*

ಎಳೆ ಮತ್ತೆ ಬಾಯಿ ಬಿಡಲಿಲ್ಲ. ಎರಡು ಅಮಾವಾಸ್ಯೆ, ಎರಡು ಹುಣ್ಣಿಮೆ ಕಾದರು. ಆಮೇಲೆ ಬೇಡವೆಂದು ತಡೆಯುವುದಕ್ಕೆ ಚಂದ್ರಮತಿಯ ಬಳಿ ಕಾರಣ ಉಳಿಯಲಿಲ್ಲ. ಗುರುಪಾದ ಬಂಡೆ ಕೊರೆಸಿದ.

ಕಂಡಿ ಬಿದ್ದ ದಿನ ಶಮೀಮ್ ಅವಳನ್ನು ಮೊದಲು ಒಳಗೆ ಬಿಡಲಿಲ್ಲ. ಪಟ್ಟಣದಿಂದ ಬಂದ ಎಲುಬಿನ ತಜ್ಞರೊಬ್ಬರು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. ಶಮೀಮ್ ಅವರ ಮಾತು ಕೇಳಿ ಓಡಿಬಂದಳು. ಮುಖ ಅರಳಿತ್ತು.

“ಎಲುಬು ಅದಾವ್ರಿ ಅಕ್ಕೋರ. ಆದ್ರ ಕೇಳ್ರಿಲ್ಲಿ. ಮುದುಕನ ಎಲುಬು! ಹಲ್ಲು ಪೂರಾ ಸವದಾವ, ಮೊಣಕಾಲು ಸವದಾವ. ಎಪ್ಪತ್ತರ ಹತ್ರ ಇರಬಹುದಂತ. ಅವತ್ತು ಸಾಯಲಿಲ್ಲರಿ ಅಂವಾ! ಪಾರಾದ! ಭಾಳ ವರ್ಷ ಬದುಕಿದ!”

“ಮತ್ತ ಇಲ್ಲಿ ಯಾಕದಾವ?” ಎಂದಳು ಚಂದ್ರಮತಿ.

ಶಮೀಮಳ ಮುಖ ಅರಳಿದ್ದು ಅರಳಿದಲ್ಲೇ ನಿಂತಿತು.

ಒಳಗೆ ಮಾಚ ಬೆಣಚುಕಲ್ಲಿನ ಎಳೆಗೆ ಮುಖ ಮಾಡಿ ಕೂತಿದ್ದ. ಅವನ ಎದುರು ಕಲ್ಲಿನ ಒಂದು ಗೂಡಿನಲ್ಲಿ ಮಣ್ಣಿನ ಸೊಡರು, ಹಣತೆ. ಅದರ ಬತ್ತಿಯ ಮೂತಿ ಎಳೆಯ ಕಡೆಗೆ, ಅವಳು ಮಾತಾಡಿದ ಕಡೆಗೆ ತಿರುಗಿತ್ತು. ಬೆಳಕನ್ನು ಕಾಣು ಎಂದಿದ್ದಳು. ಕಂಡು, ಅದನ್ನು ಕತ್ತಲಲ್ಲಿರುವ ಒಡತಿಗೆ ತಂದಿದ್ದ. ಗೂಡಿನ ಮೇಲಿನ ಬಂಡೆಗೆ ಹತ್ತಿದ ಮಸಿ ಬೆರಳ ದಪ್ಪಕ್ಕಿತ್ತು. ಒಂದು ದಿನದ ಮಸಿಯಲ್ಲ ಅದು, ಒಂದು ವರ್ಷದ್ದೂ ಅಲ್ಲ. ಹಳೆಯ ಒಡೆದ ಹಣತೆಗಳ ರಾಶಿಯೇ ಮೂಲೆಯಲ್ಲಿತ್ತು.

ಪಡುವಣ ಕಿಂಡಿಯನ್ನು ಗುರುಪಾದ ಟಾರ್ಚ್ ಹಾಕಿ ತೋರಿಸಿದ. ಕಿಂಡಿಯ ಎಡಬದಿಯ ಕಲ್ಲು, ಅಂಗೈ ಎತ್ತರದಲ್ಲಿ, ಉದ್ದಕ್ಕೂ, ಬಸದಿಯ ಕಂಬದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು.

ಹೋಗಿದ್ದ. ಬಂದಿದ್ದ. ಹೋಗಿದ್ದ, ಬಂದಿದ್ದ. ಹೆಂಡತಿಯನ್ನು ಕಟ್ಟಿಕೊಂಡನೋ ಇಲ್ಲವೋ, ಮಕ್ಕಳಾದವೋ ಇಲ್ಲವೋ. ಒಂದು ಇಡೀ ಬಾಳು ಹಳ್ಳದ ದಂಡೆಯಿಂದ ಎದೆಯ ಮೇಲೆ ತೆವಳಿ ಬಂದು, ಎಣ್ಣೆ ಹೊಯ್ದು, ಬತ್ತಿ ತೀಡಿ, ಬಂದೆನಬ್ಬೆ ಎಂದು ಮೂಕ ಕಲ್ಲಿಗೆ ಹೇಳಿರಬೇಕು. ಉತ್ತರಕ್ಕೆ ಕಾದಿರಬೇಕು. ಅದಕ್ಕೆ ಉತ್ತರ ಕೊಡಬೇಕಾದವಳು ಆಗಿನ್ನೂ ಹುಟ್ಟಿರಲಿಲ್ಲ.

“ಒಂದು ದೀಪ ಹಚ್ಚಲೇನೋ, ಗುರುಪಾದ?” ಎಂದಳು.

“ಗಣಿ ಒಳಗ ಬೆಂಕಿ ಹಚ್ಚಂಗಿಲ್ರಿ ಅಕ್ಕೋರ,” ಎಂದ ಅವನು, ಬೂಟು ನೋಡುತ್ತ. “ಗ್ಯಾಸ್ ಇರ್ತದ.”

ಚಂದ್ರಮತಿ ಎಳೆಯ ಮೇಲೆ ಅಂಗೈ ಇಟ್ಟಳು. ಕಲ್ಲು ತಣ್ಣಗಿತ್ತು. ಒಮ್ಮೆಯಾದರೂ ಹೇಳಬೇಕು ಎಂದು ಬಾಯಿ ತೆರೆದಳು. “ಪೋಗು,” ಎಂದಳು. ‘ಬಾ’ ತಾನಾಗಿ ಹಲ್ಲಿನ ತನಕ ಬಂದುಬಿಟ್ಟಿತು, ತುಟಿ ಬಿಗಿದು ಅದನ್ನು ಒಳಗೇ ನುಂಗಿದಳು. “ಪೋಗು, ಮಗನೇ. ಸಾಕು.”

ಬಂಡೆಯ ಆಚೆ ಬದಿಯಲ್ಲಿ ಯಂತ್ರದ ಗೆರೆ ಅಲುಗಲಿಲ್ಲ.

ಅವತ್ತು ಹೊತ್ತಿದ್ದಾಗಲೇ ಮನೆ ಮುಟ್ಟಿದಳು. ಭರಮಪ್ಪ ಎರಡು ತಾಟು ಹಾಕಿ, ರೊಟ್ಟಿಯ ಬುಟ್ಟಿ ನಡುವೆ ಇಟ್ಟು ಕಾಯುತ್ತಿದ್ದ. ಅವಳ ಚಪ್ಪಲಿಯ ಸದ್ದು ಕೇಳಿ, ತಲೆ ಎತ್ತದೆಯೇ, ದಿನವೂ ಕೇಳುವ ಹಾಗೆ ಕೇಳಿದ:

“ಹೋಗಿ ಬಂದ್ಯಾ?”

ಚಂದ್ರಮತಿ ಹೊಸ್ತಿಲ ಹೊರಗೇ ನಿಂತಳು. ತಿರುಗಿ ಹೊನ್ನಗುಡ್ಡದ ಕಡೆ ನೋಡಿದಳು.